ಅಲ್ಪಸಂಖ್ಯಾತ ಜನಾಂಗಗಳ ಮಕ್ಕಳು, ಕುಟುಂಬಗಳು ಮತ್ತು ಮನೋಚಿಕಿತ್ಸೆ

ಬಹುಸಂಖ್ಯಾತರ ಭಾಷೆ, ಮನೆವಾರ್ತೆ, ನಡವಳಿಕೆಗಳನ್ನು ಮಾದರಿಯಾಗಿಟ್ಟುಕೊಂಡು ಬೆಳೆದ ಮನೋಚಿಕಿತ್ಸೆಯನ್ನು ಬೇರೆ ಜನಾಂಗದ, ಬೇರೆ ನುಡಿಯ, ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಒಗ್ಗುವಂತೆ ತಿದ್ದುವ, ಕೆಲವೊಮ್ಮೆ ಹೊಸದಾಗಿಯೇ ಕಟ್ಟುವ ಪ್ರಯತ್ನಗಳನ್ನು ಒಟ್ಟಾಗಿ ಸಂಸ್ಕೃತಿಸಂವೇದಿ ಮನೋಚಿಕಿತ್ಸೆ ಎನ್ನುತ್ತಾರೆ. 1970ರ ದಶಕದಿಂದೀಚೆಗೆ ಅಮೆರಿಕದಲ್ಲಿ ಇದು ಪ್ರತ್ಯೇಕ ಶಾಖೆಯಾಗಿ ಬೆಳೆದಿದೆ. ಫ್ರಾನ್ಸ್, ಬ್ರಿಟನ್‌ಗಳಲ್ಲಿ ಬೇರೆ ಹಾದಿ ಹಿಡಿದಿದೆ. ನಮ್ಮಲ್ಲಿ ಅಲ್ಪಸಂಖ್ಯಾತರೆಂದ ಕೂಡಲೇ ಧರ್ಮ ನೆನಪಾಗುತ್ತದೆ. ಇಲ್ಲಿ ಮಾತು ಮುಖ್ಯವಾಗಿ ಅಮೆರಿಕದ ಆಫ್ರಿಕನ್ ಅಮೆರಿಕನ್ನರು, ಸ್ಪ್ಯಾನಿಷ್ ಆಡುವ ಲ್ಯಾಟಿನೋಗಳು, ಏಷ್ಯನ್ನರು, ಮೂಲನಿವಾಸಿಗಳು ಮತ್ತು ಯುರೋಪಿನ ವಲಸಿಗರ ಬಗ್ಗೆ.

ದೊಡ್ಡವರ ಚಿಕಿತ್ಸೆಗೂ ಮಕ್ಕಳದಕ್ಕೂ ಇಲ್ಲಿ ಒಂದು ಮೂಲ ವ್ಯತ್ಯಾಸವಿದೆ. ಮಗು ತಾನಾಗಿ ಚಿಕಿತ್ಸಕರ ಬಳಿ ಬರುವುದಿಲ್ಲ. ಶಾಲೆ ಕಳಿಸುತ್ತದೆ, ಕೋರ್ಟು ಕಳಿಸುತ್ತದೆ, ಮಕ್ಕಳ ವೈದ್ಯರು ಚೀಟಿ ಬರೆದುಕೊಡುತ್ತಾರೆ. ಮಗುವನ್ನು ಮತ್ತೆ ಕರೆತರಬೇಕೋ ಬೇಡವೋ ಎಂದು ತೀರ್ಮಾನಿಸುವವರು ತಾಯಿ, ತಂದೆ. ಎಷ್ಟೋ ಮನೆಗಳಲ್ಲಿ ಅಜ್ಜಿ. ಆ ತೀರ್ಮಾನ ಆಗುವುದು ಕ್ಲಿನಿಕ್ಕಿನಲ್ಲಲ್ಲ, ಮನೆಗೆ ಹಿಂದಿರುಗುವ ಬಸ್ಸಿನಲ್ಲಿ. ಈ ಶಾಖೆಯ ಇತಿಹಾಸವನ್ನೆಲ್ಲ ಓದಿದ ಮೇಲೆ ಉಳಿಯುವ ಮುಖ್ಯ ಪ್ರಶ್ನೆಯೂ ಅದೇ: ಆ ಕುಟುಂಬ ಎರಡನೆಯ ಸಲ ಬಂತೇ?

ಈ ಪ್ರಶ್ನೆಗೆ ಅಂಕಿಗಳ ಬಲ ತಂದುಕೊಟ್ಟವರು ಮನೋವಿಜ್ಞಾನಿ ಸ್ಟ್ಯಾನ್ಲಿ ಸೂ. ಸಿಯಾಟಲ್ ಪ್ರದೇಶದ 17 ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ದಾಖಲೆಗಳನ್ನು ಜಾಲಾಡಿ 1977ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಪಸಂಖ್ಯಾತ ಜನಾಂಗಗಳವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೊದಲ ಭೇಟಿಯ ನಂತರ ಮತ್ತೆ ಬರಲಿಲ್ಲ. ಬಿಳಿಯರಲ್ಲಿ ಹೀಗೆ ಬಿಟ್ಟುಹೋದವರು ಶೇ 30ರಷ್ಟು. ಇದು ಬರೀ ಮಕ್ಕಳ ಲೆಕ್ಕವಲ್ಲ. ಆದರೆ ಸೇವೆ ಇದ್ದಮಾತ್ರಕ್ಕೆ ಜನ ಬಳಸುತ್ತಾರೆಂಬ ಸರ್ಕಾರಿ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು. 2001ರಲ್ಲಿ ಅಮೆರಿಕದ ಸರ್ಜನ್ ಜನರಲ್ ಡೇವಿಡ್ ಸ್ಯಾಚರ್ ಅವರು ಸಂಸ್ಕೃತಿ, ಜನಾಂಗ ಮತ್ತು ಮಾನಸಿಕ ಆರೋಗ್ಯವನ್ನು ಕುರಿತು ಹೊರತಂದ ವರದಿ ಇದೇ ಅಸಮಾನತೆಯನ್ನು ಇಡೀ ದೇಶದ ಮಟ್ಟದಲ್ಲಿ ದಾಖಲಿಸಿತು.

ಅನುಮಾನಕ್ಕೆ ಕಾರಣ

ಕುಟುಂಬಗಳು ದೂರ ಉಳಿದದ್ದಕ್ಕೆ ಅಜ್ಞಾನವನ್ನೋ ಮೂಢನಂಬಿಕೆಯನ್ನೋ ದೂರುವುದು ಸುಲಭ. ಇತಿಹಾಸ ಬೇರೆ ಮಾತು ಹೇಳುತ್ತದೆ. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಕಿತ್ತು ವಸತಿಶಾಲೆಗಳಿಗೆ ಸೇರಿಸಿ, ಕೂದಲು ಕತ್ತರಿಸಿ, ಮಾತೃಭಾಷೆ ಆಡಿದರೆ ದಂಡಿಸಿ ‘ನಾಗರಿಕ’ರನ್ನಾಗಿ ಮಾಡುವ ನೀತಿ ದಶಕಗಳ ಕಾಲ ನಡೆಯಿತು, ಅಂಥ ಶಾಲೆಗಳಿಗೆ ಮಾದರಿಯಾದ ಕಾರ್ಲೈಲ್ ಶಾಲೆ ಪೆನ್ಸಿಲ್ವೇನಿಯಾದಲ್ಲಿ ಆರಂಭವಾದದ್ದು 1879ರಲ್ಲಿ. ಶಾಲೆಗಳ ಕಾಲ ಕಳೆದ ಮೇಲೆ ಸಮಾಜಕಾರ್ಯಕರ್ತರ ಕಾಲ ಬಂತು. 1970ರ ದಶಕದಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದ ಸಮೀಕ್ಷೆಗಳಂತೆ ಮೂಲನಿವಾಸಿ ಮಕ್ಕಳಲ್ಲಿ ಶೇ 25ರಿಂದ 35ರಷ್ಟು ಮಂದಿಯನ್ನು ಹೆತ್ತವರಿಂದ ಬೇರ್ಪಡಿಸಿ ಬೇರೆ ಮನೆಗಳಲ್ಲೋ ಸಂಸ್ಥೆಗಳಲ್ಲೋ ಇರಿಸಲಾಗಿತ್ತು. ಇದನ್ನು ತಡೆಯಲೆಂದೇ 1978ರಲ್ಲಿ ಇಂಡಿಯನ್ ಚೈಲ್ಡ್ ವೆಲ್‌ಫೇರ್ ಕಾಯ್ದೆ ಬಂತು. ಇಂಥ ನೆನಪುಳ್ಳ ಮನೆಯಲ್ಲಿ, ‘ಮಗು ರಾತ್ರಿ ಯಾರ ಹತ್ತಿರ ಮಲಗುತ್ತದೆ?’ ಎಂದು ಕೌನ್ಸೆಲರ್ ಸಹಜವಾಗಿ ಕೇಳಿದರೂ ಅದು ವಿಚಾರಣೆಯಂತೆಯೇ ಕೇಳಿಸುತ್ತದೆ.

ಆಫ್ರಿಕನ್ ಅಮೆರಿಕನ್ ಕುಟುಂಬಗಳನ್ನು ಕುರಿತು ನ್ಯಾನ್ಸಿ ಬಾಯ್ಡ್ ಫ್ರಾಂಕ್ಲಿನ್ 1989ರಲ್ಲಿ ಬರೆದ ‘ಬ್ಲ್ಯಾಕ್ ಫ್ಯಾಮಿಲೀಸ್ ಇನ್ ಥೆರಪಿ’ ಈ ಅನುಮಾನವನ್ನು ರೋಗಲಕ್ಷಣವೆಂದು ಕಾಣದೆ, ಪೀಳಿಗೆಗಳ ಅನುಭವದಿಂದ ಬಂದ ಆರೋಗ್ಯಕರ ಎಚ್ಚರವೆಂದು ಕಂಡಿತು. ಅವರ ಸಲಹೆಗಳು ಕೈಗೆ ಹತ್ತುವಂಥವು. ಕುಟುಂಬ ಚಿಕಿತ್ಸಕರು ಮೊದಲ ದಿನವೇ ಹಾಳೆಯ ಮೇಲೆ ವಂಶವೃಕ್ಷ ಬರೆಸಿಕೊಳ್ಳುವುದು ರೂಢಿ: ಯಾರು ಯಾರಿಗೆ ಏನಾಗಬೇಕು, ಯಾರು ಬಿಟ್ಟುಹೋದರು, ಯಾರು ಯಾವಾಗ ತೀರಿಕೊಂಡರು. ನಂಬಿಕೆ ಹುಟ್ಟುವವರೆಗೂ ಆ ಹಾಳೆ ತೆಗೆಯಲೇಬೇಡಿ ಎನ್ನುತ್ತಾರೆ ಅವರು. ಮಗುವನ್ನು ನಿಜವಾಗಿ ಸಾಕುತ್ತಿರುವವರು ಅಜ್ಜಿಯಾಗಿರಬಹುದು, ಚಿಕ್ಕಮ್ಮನಾಗಿರಬಹುದು, ರಕ್ತಸಂಬಂಧವೇ ಇಲ್ಲದ ಚರ್ಚಿನ ಹಿರಿಯ ಹೆಂಗಸೂ ಆಗಿರಬಹುದು. ತಂದೆ, ತಾಯಿ, ಮಗು ಎಂಬ ಮೂರು ಕುರ್ಚಿ ಹಾಕಿ ಕುಳಿತ ಚಿಕಿತ್ಸಕರಿಗೆ ಆ ಮನೆ ‘ಒಡೆದ ಮನೆ’ಯಾಗಿ ಕಾಣುತ್ತದೆ. ಕೂಡುಕುಟುಂಬ ಬಲ್ಲ ಕನ್ನಡ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದಕ್ಕೆ ಮೊದಲೇ ನೆಲ ಹದಮಾಡಿದವರು ಸಾಲ್ವಡಾರ್ ಮಿನೂಚಿನ್ (1921-2017). ಅರ್ಜೆಂಟೀನಾದಲ್ಲಿ ಯಹೂದಿ ವಲಸಿಗರ ಮನೆಯಲ್ಲಿ ಹುಟ್ಟಿದ ಈ ಮನೋವೈದ್ಯ ನ್ಯೂಯಾರ್ಕಿನ ವಿಲ್ಟ್‌ವಿಕ್ ಶಾಲೆಯಲ್ಲಿ ಕೆಲಸ ಮಾಡಿದರು. ಅಲ್ಲಿದ್ದವರು ಹೆಚ್ಚಾಗಿ ಕೊಳೆಗೇರಿಗಳಿಂದ ಬಂದ ಆಫ್ರಿಕನ್ ಅಮೆರಿಕನ್ ಮತ್ತು ಪೋರ್ಟೊರಿಕೊ ಮೂಲದ ಹುಡುಗರು. ಮಾತಿನಿಂದಲೇ ನಡೆಯುವ ವಿಶ್ಲೇಷಣೆ ಅವರಿಗೆ ನಾಟದ್ದನ್ನು ಕಂಡು ಅವರ ಇಡೀ ಮನೆಯವರನ್ನು ಕೂಡಿಸಿಕೊಂಡು, ಯಾರ ಮಾತು ನಡೆಯುತ್ತದೆ, ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದನ್ನೇ ಗಮನಿಸಿ ತಿದ್ದುವ ವಿಧಾನ ರೂಪಿಸಿದರು. ಸಂಗಡಿಗರೊಂದಿಗೆ ಬರೆದ ‘ಫ್ಯಾಮಿಲೀಸ್ ಆಫ್ ದಿ ಸ್ಲಮ್ಸ್’ 1967ರಲ್ಲಿ ಪ್ರಕಟವಾಯಿತು. ಆಮೇಲೆ ಫಿಲಡೆಲ್ಫಿಯಾದ ಮಕ್ಕಳ ಮಾರ್ಗದರ್ಶನ ಕೇಂದ್ರದಲ್ಲಿ ಅವರು ಪದವಿಯಿಲ್ಲದ ಬಡಾವಣೆಯ ಜನರನ್ನೇ ಕುಟುಂಬ ಸಲಹೆಗಾರರನ್ನಾಗಿ ತರಬೇತುಗೊಳಿಸಿದರು.

ಮಯಾಮಿಯ ಪಾಠ

1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಮಯಾಮಿಗೆ ಬಂದ ಕುಟುಂಬಗಳಲ್ಲಿ ಒಂದೇ ಬಗೆಯ ಜಗಳ ಮನೆಮನೆಯಲ್ಲಿ ಕಾಣಿಸಿತು. ಮಕ್ಕಳು ಶಾಲೆಯಲ್ಲಿ ಬೇಗ ಇಂಗ್ಲಿಷ್ ಕಲಿತು ಅಮೆರಿಕದ ರೀತಿಗೆ ಹೊರಳಿದರು. ಹೆತ್ತವರು ನಿಧಾನ. ಮಗ ತಿರುಗಿ ಮಾತಾಡಿದಷ್ಟೂ ತಂದೆ ಹಳೆಯ ಶಿಸ್ತನ್ನು ಬಿಗಿಮಾಡಿದ. ತಂದೆ ಬಿಗಿಮಾಡಿದಷ್ಟೂ ಮಗ ಬೀದಿ ಹಿಡಿದ. ಮಾದಕವಸ್ತುವಿನ ಚಟ ಹಿಂದೆಯೇ ಬಂತು. ಮಯಾಮಿ ವಿಶ್ವವಿದ್ಯಾಲಯದ ಹೊಸೆ ಸಾಪೊಚ್ನಿಕ್ ಮತ್ತು ಸಂಗಡಿಗರು ಸ್ಪ್ಯಾನಿಷ್ ಕುಟುಂಬ ಮಾರ್ಗದರ್ಶನ ಕೇಂದ್ರದಲ್ಲಿ ಮಿನೂಚಿನ್ ಅವರ ದಾರಿಯನ್ನೇ ಹಿಡಿದು ಸಂಕ್ಷಿಪ್ತ ಕಾರ್ಯತಂತ್ರದ ಕುಟುಂಬ ಚಿಕಿತ್ಸೆಯನ್ನು ಬೆಳೆಸಿದರು.

ಅವರ ‘ದ್ವಿಸಂಸ್ಕೃತಿ ತರಬೇತಿ’ಯ ಕ್ರಮ ಗಮನಿಸುವಂಥದು. ಹೆತ್ತವರೂ ಮಕ್ಕಳೂ ಒಟ್ಟಿಗೆ ಹನ್ನೆರಡು ಬೈಠಕ್‌ಗಳಿಗೆ ಬರುತ್ತಾರೆ. ಮೊದಲಲ್ಲಿ ಎಲ್ಲರ ಬೆರಳೂ ಹುಡುಗನತ್ತ. ಚಿಕಿತ್ಸಕ ಆ ಬೆರಳನ್ನು ಸರಿಸುತ್ತಾನೆ: ರೋಗಿ ಹುಡುಗನೂ ಅಲ್ಲ, ಅಪ್ಪನೂ ಅಲ್ಲ, ಎರಡು ಸಂಸ್ಕೃತಿಗಳ ನಡುವಿನ ಘರ್ಷಣೆಯೇ ಸದ್ಯಕ್ಕೆ ಈ ಮನೆಯ ರೋಗಿ. ಅದರ ಮೇಲೆ ಎಲ್ಲರೂ ಸೇರಿ ದೂರು ಹೇಳಬಹುದು. ಆಮೇಲೆ ಹೆತ್ತವರು ಅಮೆರಿಕನ್ ರೀತಿಯಲ್ಲಿ ಒಪ್ಪತಕ್ಕದ್ದೇನೆಂದೂ ಮಕ್ಕಳು ಕ್ಯೂಬನ್ ರೀತಿಯಲ್ಲಿ ಉಳಿಸಿಕೊಳ್ಳತಕ್ಕದ್ದೇನೆಂದೂ ಹುಡುಕುತ್ತಾರೆ. ಯಾರೂ ಸೋಲದ ಹಾಗೆ ಜಗಳವನ್ನು ಬೇರೆ ಕಡೆ ತಿರುಗಿಸುವ ಈ ಜಾಣ್ಮೆ ಮನೆಯ ಹಿರಿಯರಿಗೆ ಹೊಸದೇನಲ್ಲ; ಅದನ್ನು ಪಾಠಕ್ರಮವಾಗಿ ಬರೆದಿಟ್ಟದ್ದು ಹೊಸದು.

ಮಯಾಮಿಯಿಂದ ಬಂದ ಎರಡು ಅಧ್ಯಯನಗಳನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. 1988ರದರಲ್ಲಿ 108 ಲ್ಯಾಟಿನೋ ಕುಟುಂಬಗಳಿದ್ದವು. ಅರ್ಧ ಮಂದಿಗೆ ಎಂದಿನಂತೆ ಫೋನ್ ಮಾಡಿ ದಿನ ಗೊತ್ತುಮಾಡಿದರು. ಉಳಿದವರ ವಿಷಯದಲ್ಲಿ ಮೊದಲ ಫೋನ್ ಕರೆಯಿಂದಲೇ ಚಿಕಿತ್ಸೆ ಶುರುವಾಯಿತು: ಬರಲೊಲ್ಲದವರು ಯಾರು, ಏಕೆ ಎಂದು ತಿಳಿದು, ಬೇಕಾದರೆ ಮನೆಗೇ ಹೋಗಿ, ಮನೆಯ ಅಧಿಕಾರ ಯಾರ ಕೈಯಲ್ಲಿದೆಯೋ ಅವರನ್ನು ಒಪ್ಪಿಸಿದರು. ಮೊದಲ ಗುಂಪಿನಲ್ಲಿ ಶೇ 42ರಷ್ಟು ಕುಟುಂಬಗಳು ಬಂದರೆ ಎರಡನೆಯದರಲ್ಲಿ ಶೇ 93. ಕೊನೆಯವರೆಗೆ ಉಳಿದವರು ಕ್ರಮವಾಗಿ ಶೇ 25 ಮತ್ತು ಶೇ 77. 1989ರ ಅಧ್ಯಯನ 69 ಹುಡುಗರದು. ಕುಟುಂಬ ಚಿಕಿತ್ಸೆಯಿಂದಲೂ, ಮಗುವೊಂದನ್ನೇ ಕೂರಿಸಿಕೊಂಡು ಮಾಡಿದ ಮನೋವಿಶ್ಲೇಷಣಾತ್ಮಕ ಚಿಕಿತ್ಸೆಯಿಂದಲೂ ಹುಡುಗರ ತೊಂದರೆ ತಗ್ಗಿತು. ಆದರೆ ಒಂದು ವರ್ಷದ ಮೇಲೆ ನೋಡಿದಾಗ ಮೊದಲ ಗುಂಪಿನ ಮನೆಗಳು ಸುಧಾರಿಸಿದ್ದವು, ಎರಡನೆಯದರ ಮನೆಗಳು ಕೆಟ್ಟಿದ್ದವು. ಮಗು ಬದಲಾಗಿ ಮನೆ ಹಾಗೆಯೇ ಉಳಿದರೆ ಮನೆಯೇ ಬಿರುಕು ಬಿಡುತ್ತದೆ. ಈ ಶಾಖೆಯಲ್ಲಿ ಇದಕ್ಕಿಂತ ತೂಕದ ಪುರಾವೆ ಕಡಿಮೆ.

ಕಥೆಯೇ ಔಷಧ

ನ್ಯೂಯಾರ್ಕಿನ ಪೋರ್ಟೊರಿಕೊ ಮೂಲದ ಮಕ್ಕಳಿಗಾಗಿ ಜುಸೆಪ್ಪೆ ಕೊಸ್ಟಾಂಟಿನೊ, ರಾಬರ್ಟ್ ಮಾಲ್ಗಡಿ, ಲಾಯ್ಡ್ ರಾಗ್ಲರ್ ರೂಪಿಸಿದ ‘ಕ್ವೆಂಟೊ’ ಚಿಕಿತ್ಸೆ ಬೇರೆ ಜಾಡಿನದು. ಕ್ವೆಂಟೊ ಎಂದರೆ ಅಜ್ಜಿಕಥೆ. 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶಿಶುವಿಹಾರದಿಂದ ಮೂರನೆಯ ತರಗತಿವರೆಗಿನ 210 ಮಕ್ಕಳಿದ್ದರು. ಚಿಕಿತ್ಸಕರೂ ತಾಯಂದಿರೂ ಜೊತೆಗೆ ಕೂತು ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಕಥೆ ಓದುತ್ತಿದ್ದರು. ಆ ಪಾತ್ರ ಮಾಡಿದ್ದು ಸರಿಯೇ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಮಾತು ನಡೆಯುತ್ತಿತ್ತು. ಆಮೇಲೆ ತಾಯಿ ಮಕ್ಕಳು ಕಥೆಯನ್ನು ಆಡಿ ತೋರಿಸುತ್ತಿದ್ದರು. ಒಂದು ಗುಂಪಿಗೆ ಕಥೆಗಳನ್ನು ಇದ್ದ ಹಾಗೆಯೇ ಓದಿದರು. ಇನ್ನೊಂದಕ್ಕೆ ಅದೇ ಕಥೆಗಳನ್ನು ದ್ವೀಪದ ಹಳ್ಳಿಯಿಂದ ನ್ಯೂಯಾರ್ಕಿನ ಬೀದಿಗೆ ತಂದು, ಮಕ್ಕಳು ದಿನವೂ ಕಾಣುವ ಇಕ್ಕಟ್ಟುಗಳನ್ನು ಸೇರಿಸಿದರು. ಚಿತ್ರ ಬರೆಸಿ ಆಟವಾಡಿಸುವ ರೂಢಿಯ ಚಿಕಿತ್ಸೆ ಪಡೆದವರಿಗಿಂತಲೂ ಏನೂ ಪಡೆಯದವರಿಗಿಂತಲೂ ಕಥೆ ಕೇಳಿದ ಮಕ್ಕಳ ಆತಂಕ ಹೆಚ್ಚು ತಗ್ಗಿತು. ವರ್ಷದ ಮೇಲೂ ಆ ಪರಿಣಾಮ ಉಳಿದಿತ್ತು.

ತಾಯಂದಿರು ಇಲ್ಲಿ ಹೊರಗಿನ ಬೆಂಚಿನಲ್ಲಿ ಕಾಯುತ್ತಿರಲಿಲ್ಲ, ತಾವೇ ಓದುತ್ತಿದ್ದರು. ಯಶಸ್ಸಿನಲ್ಲಿ ಕಥೆಯ ಪಾಲೆಷ್ಟು, ತಾಯಿಯ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ಅದೇ ತಂಡ 1990ರಲ್ಲಿ ಪೋರ್ಟೊರಿಕೊದ ಪ್ರಸಿದ್ಧ ವ್ಯಕ್ತಿಗಳ ಜೀವನಕಥೆಗಳನ್ನಿಟ್ಟುಕೊಂಡು ಹದಿಹರೆಯದವರಿಗೆ ಇಂಥದೇ ಪ್ರಯೋಗ ಮಾಡಿದಾಗ, ಲಾಭ ಕಂಡದ್ದು ಮುಖ್ಯವಾಗಿ ತಂದೆಯಿಲ್ಲದ ಮನೆಗಳ ಮಕ್ಕಳಲ್ಲಿ. ಸಂಸ್ಕೃತಿಯ ಹೆಸರಿನಲ್ಲಿ ಮಾಡಿದ್ದೆಲ್ಲ ಎಲ್ಲರಿಗೂ ಒಳ್ಳೆಯದೇ ಆಗುತ್ತದೆಂಬ ಉತ್ಸಾಹಕ್ಕೆ ಇದು ತಕ್ಕ ಕಡಿವಾಣ.

ಏನನ್ನು ಬದಲಿಸಬೇಕು?

ಪೋರ್ಟೊರಿಕೊ ವಿಶ್ವವಿದ್ಯಾಲಯದ ಗಿಯೆರ್ಮೊ ಬೆರ್ನಾಲ್ ಮತ್ತು ಸಂಗಡಿಗರು 1995ರಲ್ಲಿ ಮಾರ್ಪಾಡಿಗೆ ಎಂಟು ಮುಖಗಳನ್ನು ಗುರುತಿಸಿದರು: ಭಾಷೆ, ವ್ಯಕ್ತಿಗಳು, ರೂಪಕ, ವಿಷಯ, ಪರಿಕಲ್ಪನೆ, ಗುರಿ, ವಿಧಾನ, ಸನ್ನಿವೇಶ. ಎಂಟರಲ್ಲಿ ಹೆಚ್ಚು ಚರ್ಚೆಯಾಗಬೇಕಾದದ್ದು ಗುರಿ. ಹದಿನಾರರ ಹುಡುಗಿ ಹೆತ್ತವರಿಂದ ಬೇರೆಯಾಗಿ ತನ್ನ ಕಾಲ ಮೇಲೆ ನಿಲ್ಲುವುದೇ ಆರೋಗ್ಯವೆಂದು ಪಠ್ಯಪುಸ್ತಕ ಹೇಳುತ್ತದೆ. ಮನೆಯವರಿಗೆ ಅದು ಮಗಳನ್ನು ಕಳೆದುಕೊಂಡಂತೆ. ಈ ಅಂತರವನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಭಾಷೆ ಬದಲಿಸಿ, ಗೋಡೆಗೆ ಅವರ ನಾಡಿನ ಚಿತ್ರ ತೂಗುಹಾಕಿ ಪ್ರಯೋಜನವಿಲ್ಲ.

ಮಾರ್ಪಾಡು ಹೇಗೆ ನಡೆಯುತ್ತದೆಂಬುದಕ್ಕೆ ಸ್ಯಾನ್ ಡಿಯೇಗೊದಲ್ಲಿ ಕ್ರಿಸ್ಟನ್ ಮೆಕ್‌ಕೇಬ್ ಮೆಕ್ಸಿಕನ್ ಮೂಲದ ಕುಟುಂಬಗಳಿಗಾಗಿ ರೂಪಿಸಿದ ‘ಗಾನಾ’ ಒಳ್ಳೆಯ ನಿದರ್ಶನ. ಮೂಲ ಚಿಕಿತ್ಸೆಯಲ್ಲಿ ತಾಯಿ ಮಗುವಿನೊಂದಿಗೆ ಆಡುತ್ತಿರುತ್ತಾಳೆ. ಚಿಕಿತ್ಸಕರು ಒಮ್ಮುಖ ಕನ್ನಡಿಯ ಹಿಂದೆ ನಿಂತು ಅವಳ ಕಿವಿಯಲ್ಲಿರುವ ಪುಟ್ಟ ಸಾಧನದ ಮೂಲಕ, ಈಗ ಹೊಗಳಿ, ಈಗ ಸುಮ್ಮನಿರಿ ಎಂದು ಹೇಳಿಕೊಡುತ್ತಾರೆ. ‘ಗಾನಾ’ದಲ್ಲಿ ಚಿಕಿತ್ಸೆಯ ಬದಲು ಶಿಕ್ಷಣ, ತರಬೇತಿ ಎಂಬ ಹೆಸರಿಟ್ಟರು, ನಾಚಿಕೆ ಕಡಿಮೆಯಾಗಲೆಂದು. ತಂದೆಯನ್ನೂ ಅಜ್ಜಿಯನ್ನೂ ಒಳಗೊಳ್ಳಲು ಮೊದಲಿನಿಂದಲೇ ಶ್ರಮಪಟ್ಟರು. ತುಂಟ ಮಗುವನ್ನು ಸ್ವಲ್ಪ ಹೊತ್ತು ಕೂರಿಸುವ ಕುರ್ಚಿಗೆ, ಕಟ್ಟುನಿಟ್ಟು ಬಯಸುವ ಹೆತ್ತವರ ಮುಂದೆ ಶಿಕ್ಷೆಯ ಕುರ್ಚಿ ಎಂದೂ ಮೆದುಮನಸ್ಸಿನವರ ಮುಂದೆ ಯೋಚನೆಯ ಕುರ್ಚಿ ಎಂದೂ ಹೇಳಿದರು. ಕುರ್ಚಿ ಅದೇ. 2009ರ ಫಲಿತಾಂಶದಲ್ಲಿ ‘ಗಾನಾ’ ಸಾಮಾನ್ಯ ಕ್ಲಿನಿಕ್ ಚಿಕಿತ್ಸೆಗಿಂತ ಸ್ಪಷ್ಟವಾಗಿ ಮೇಲಾಗಿತ್ತು. ಆದರೆ ಮಾರ್ಪಡಿಸದ ಮೂಲ ವಿಧಾನಕ್ಕೂ ಅದಕ್ಕೂ ಗಣನೀಯ ಅಂತರ ಸಿಗಲಿಲ್ಲ.

ಯುರೋಪಿನ ಎರಡು ಹಾದಿ

ಫ್ರಾನ್ಸಿನಲ್ಲಿ ಜಾರ್ಜ್ ಡೆವರೂ ಅವರ ಶಿಷ್ಯ ಟೋಬಿ ನಾತಾನ್ 1979ರಲ್ಲಿ ಪ್ಯಾರಿಸ್ ಅಂಚಿನ ಬೊಬಿನಿಯ ಅವಿಸೆನ್ ಆಸ್ಪತ್ರೆಯಲ್ಲಿ ಜನಾಂಗೀಯ ಮನೋವೈದ್ಯ ಸಮಾಲೋಚನೆ ಆರಂಭಿಸಿದರು. ಅಲ್ಲಿ ಇಬ್ಬರ ನಡುವಿನ ಗುಟ್ಟಿನ ಮಾತಿಲ್ಲ. ಬೇರೆ ಬೇರೆ ನಾಡುಗಳ ಹಲವು ಚಿಕಿತ್ಸಕರು, ದುಭಾಷಿ, ಕುಟುಂಬ, ಅವರನ್ನು ಕಳಿಸಿದ ಸಮಾಜಕಾರ್ಯಕರ್ತೆ ಎಲ್ಲರೂ ವೃತ್ತಾಕಾರವಾಗಿ ಕೂರುತ್ತಾರೆ. ಮಗು ಮಾತಾಡದ್ದಕ್ಕೆ ಪೂರ್ವಜರ ಮುನಿಸು ಕಾರಣವೆಂದು ಮಾಲಿ ದೇಶದ ತಾಯಿಯೊಬ್ಬಳು ಹೇಳಿದರೆ ಅದನ್ನು ಪಕ್ಕಕ್ಕೆ ತಳ್ಳುವುದಿಲ್ಲ. ನಿಮ್ಮೂರಲ್ಲಿ ಇದಕ್ಕೆ ಏನು ಮಾಡುತ್ತಿದ್ದರು ಎಂದು ಕೇಳುತ್ತಾರೆ. ಮುಂದೆ ಇದೇ ಆಸ್ಪತ್ರೆಯಲ್ಲಿ ಮಾರಿ ರೋಸ್ ಮೊರೊ ಈ ಪದ್ಧತಿಯನ್ನು ಮೆದುಗೊಳಿಸಿ ವಲಸಿಗರ ಎರಡನೆಯ ಪೀಳಿಗೆಯ ಮಕ್ಕಳತ್ತ ತಿರುಗಿಸಿದರು. ನಾತಾನ್ ಮೇಲೆ ಟೀಕೆ ಬಲವಾಗಿಯೇ ಬಂತು. ವಸತಿ, ಪೊಲೀಸು, ಜನಾಂಗಭೇದಗಳಿಂದಾದ ನೋವನ್ನೂ ‘ಅವರ ಸಂಸ್ಕೃತಿ’ಯ ಖಾತೆಗೆ ಬರೆದು, ಫ್ರಾನ್ಸಿನಲ್ಲೇ ಹುಟ್ಟಿದ ಮಕ್ಕಳನ್ನು ಅವರು ಕಾಣದ ಹಳ್ಳಿಗೆ ಕಟ್ಟಿಹಾಕುತ್ತಿದ್ದಾರೆಂದು ದಿದಿಯೆ ಫಾಸಾನ್ ಮೊದಲಾದ ಮಾನವಶಾಸ್ತ್ರಜ್ಞರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿದೆ.

ಬ್ರಿಟನ್ನಿನಲ್ಲಿ ಕೊಲ್ಕತ್ತಾ ಮೂಲದ ಜಾಫರ್ ಕರೀಂ 1983ರಲ್ಲಿ ಉತ್ತರ ಲಂಡನ್ನಿನಲ್ಲಿ ‘ನಫ್ಸಿಯಾತ್’ ಕೇಂದ್ರ ತೆರೆದರು. ಅವರ ಅಂತರಸಂಸ್ಕೃತಿ ಚಿಕಿತ್ಸೆಯಲ್ಲಿ ವಲಸೆ ಮತ್ತು ಜನಾಂಗಭೇದ ರೋಗಿಯ ಕಥೆಯ ಹಿನ್ನೆಲೆಯಲ್ಲ, ಕಥೆಯೇ.

ದುಭಾಷಿಯ ಕುರ್ಚಿ

ಭಾಷೆಯ ವಿಷಯದಲ್ಲಿ ಎಲ್ಲ ಪಂಥಗಳೂ ಒಪ್ಪುವ ಒಂದು ನಿಯಮವಿದೆ: ಮಗುವನ್ನೇ ದುಭಾಷಿ ಮಾಡಬಾರದು. ವಲಸಿಗರ ಮನೆಯಲ್ಲಿ ಬ್ಯಾಂಕಿನ ಪತ್ರ, ಬಾಡಿಗೆ ಕರಾರು, ಡಾಕ್ಟರ ಮಾತು ಎಲ್ಲವನ್ನೂ ಹತ್ತು ವರ್ಷದ ಮಗು ಓದಿ ಹೇಳುತ್ತಿರುತ್ತದೆ. ಅದರಿಂದ ಮಗುವಿಗೆ ಹೆಮ್ಮೆಯೂ ಬರುತ್ತದೆ, ಹೊರೆಯೂ ಬೀಳುತ್ತದೆ. ಆದರೆ ಚಿಕಿತ್ಸೆಯ ಕೋಣೆಯಲ್ಲಿ ‘ಇವನಿಂದ ನಮಗೆ ಸಾಕಾಗಿದೆ’ ಎಂದು ತಾಯಿ ಅತ್ತದ್ದನ್ನು ಆ ‘ಇವನೇ’ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಗಿ ಬಂದರೆ ಅದು ಚಿಕಿತ್ಸೆಯಲ್ಲ, ಶಿಕ್ಷೆ. ಸಣ್ಣ ಸಮುದಾಯಗಳಲ್ಲಿ ದುಭಾಷಿ ಗುರುತಿನವರೇ ಆಗಿರುವುದರಿಂದ ಗುಟ್ಟು ಉಳಿಯುತ್ತದೆಯೇ ಎಂಬ ಭಯವೂ ಸೇರಿಕೊಳ್ಳುತ್ತದೆ. ‘ಜನ ಏನಂದಾರು’ ಎಂಬ ಅಳುಕು ಅಮೆರಿಕದ ಭಾರತೀಯ ಕುಟುಂಬಗಳಲ್ಲಿ, ಕನ್ನಡಿಗರನ್ನೂ ಸೇರಿಸಿ, ಇದೇ ಬಗೆಯದು. ಮಕ್ಕಳು ಚೆನ್ನಾಗಿ ಓದುತ್ತಾರೆಂಬ ಏಷ್ಯನ್ನರ ಹೆಸರು ಒಳಗಿನ ಖಿನ್ನತೆಗೆ ಒಳ್ಳೆಯ ಮರೆ.

ಕರ್ನಾಟಕಕ್ಕೆ ಈ ಚರ್ಚೆಯ ನಂಟು ಹಳೆಯದು. ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಮಾನ್ಯ. ಅಲ್ಲಿಯ ಜನ ನಾಟಿವೈದ್ಯ, ಮಂತ್ರವಾದಿ, ದರ್ಶನದ ಪಾತ್ರಿ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದರು. ಒಂದನ್ನು ನಂಬಲು ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಅನಿಸಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರೂ ಉಳಿದುಕೊಳ್ಳುವುದು ಬಹುಕಾಲದ ರೂಢಿ. ಆದರೂ ಬೈಲಕುಪ್ಪೆಯ ಟಿಬೆಟನ್ ಮಗುವಿಗೆ, ಯಲ್ಲಾಪುರದ ಸಿದ್ದಿ ಹುಡುಗನಿಗೆ, ಕಲಬುರಗಿಯ ತಾಂಡಾದಲ್ಲಿ ಲಂಬಾಣಿ ಆಡುವ ಬಾಲಕಿಗೆ ಕನ್ನಡದ ಕೌನ್ಸೆಲರ್ ಕೂಡ ಹೊರಗಿನವರೇ. ಬಹುಸಂಖ್ಯಾತರ ಕುರ್ಚಿಯಲ್ಲಿ ಇಲ್ಲಿ ಕೂತಿರುವವರು ನಾವು.

ಫಲ ಎಷ್ಟು?

76 ಅಧ್ಯಯನಗಳನ್ನು ಒಟ್ಟುಗೂಡಿಸಿ ಗ್ರೈನರ್ ಮತ್ತು ಸ್ಮಿತ್ 2006ರಲ್ಲಿ ಮಾಡಿದ ವಿಶ್ಲೇಷಣೆ, ಸಂಸ್ಕೃತಿಗೆ ಹೊಂದಿಸಿದ ಚಿಕಿತ್ಸೆಯಿಂದ ಮಧ್ಯಮ ಪ್ರಮಾಣದ ಲಾಭವಿದೆಯೆಂದು ಕಂಡುಕೊಂಡಿತು. ಒಂದೇ ಸಮುದಾಯಕ್ಕೆಂದು ರೂಪಿಸಿದವು ಬೆರಕೆ ಗುಂಪಿನವಕ್ಕಿಂತ ನಾಲ್ಕು ಪಟ್ಟು, ಮಾತೃಭಾಷೆಯಲ್ಲಿ ನಡೆದವು ಇಂಗ್ಲಿಷಿನವಕ್ಕಿಂತ ಎರಡು ಪಟ್ಟು ಪರಿಣಾಮಕಾರಿಯಾಗಿದ್ದವು. ಎರಡು ವರ್ಷದ ಬಳಿಕ ಹ್ಯೂಯಿ ಮತ್ತು ಪೋಲೊ ಅಲ್ಪಸಂಖ್ಯಾತ ಮಕ್ಕಳ ಚಿಕಿತ್ಸೆಗಳನ್ನೇ ಪರಿಶೀಲಿಸಿ ಬೇರೆ ಎಚ್ಚರಿಕೆ ಕೊಟ್ಟರು: ಸಾಬೀತಾದ ಚಿಕಿತ್ಸೆಗಳು ಈ ಮಕ್ಕಳಿಗೂ ಫಲ ಕೊಡುತ್ತವೆ, ಆದರೆ ಸಾಂಸ್ಕೃತಿಕ ಮಾರ್ಪಾಡಿನಿಂದಲೇ ಹೆಚ್ಚುವರಿ ಲಾಭವಾಯಿತೆನ್ನಲು ಖಚಿತ ಆಧಾರವಿಲ್ಲ. ಎರಡನ್ನೂ ಮಯಾಮಿಯ ಅಂಕಿಗಳ ಪಕ್ಕದಲ್ಲಿಟ್ಟು ಓದಿದರೆ ಚಿತ್ರ ತಿಳಿಯಾಗುತ್ತದೆ. ಮಾರ್ಪಾಡಿನ ದೊಡ್ಡ ಲಾಭ ಗುಣಪಡಿಸುವುದರಲ್ಲಿ ಅಲ್ಲ, ಕುಟುಂಬವನ್ನು ಬಾಗಿಲು ದಾಟಿಸಿ ಕೊನೆತನಕ ಉಳಿಸಿಕೊಳ್ಳುವುದರಲ್ಲಿ. ಅರ್ಧಕ್ಕೇ ಬಿಟ್ಟುಹೋದವರಿಗೆ ಎಂಥ ಒಳ್ಳೆಯ ವಿಧಾನವಾದರೂ ಏನು ಮಾಡೀತು?

ಸಮುದಾಯದ ಲಕ್ಷಣಗಳ ಪಟ್ಟಿ ಕಂಠಪಾಠ ಮಾಡುವ ತರಬೇತಿಗೆ ವಿರೋಧವೂ ಬೆಳೆದಿದೆ. ಮೆಲಾನಿ ಟರ್ವಲಾನ್ ಮತ್ತು ಜ್ಯಾನ್ ಮರ್ರೆ ಗಾರ್ಸಿಯಾ ಎಂಬ ವೈದ್ಯೆಯರು 1998ರಲ್ಲಿ, ಸಂಸ್ಕೃತಿಯಲ್ಲಿ ಪಾರಂಗತರಾಗುತ್ತೇವೆಂಬ ಹಮ್ಮು ಬಿಟ್ಟು ವಿನಯದಿಂದ ಕೇಳಿ ತಿಳಿಯಬೇಕೆಂದು ವಾದಿಸಿದರು. 2013ರಲ್ಲಿ ಅಮೆರಿಕದ ಮನೋರೋಗ ಕೈಪಿಡಿಯ ಐದನೆಯ ಆವೃತ್ತಿ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವನ್ನು ಸೇರಿಸಿಕೊಂಡಿತು. ತೊಂದರೆಯನ್ನು ಮನೆಯವರು ತಮ್ಮವರ ಮುಂದೆ ಹೇಗೆ ವಿವರಿಸುತ್ತಾರೆ, ಕಾರಣ ಏನೆಂದುಕೊಂಡಿದ್ದಾರೆ, ಈವರೆಗೆ ಯಾರ ನೆರವು ಪಡೆದಿದ್ದಾರೆ ಎಂಬುದನ್ನು ಅವರ ಬಾಯಿಂದಲೇ ಕೇಳುವ ಕ್ರಮ ಇದು. ಒಳ್ಳೆಯ ಹೆಜ್ಜೆ, ಆದರೆ ತರಾತುರಿಯ ಹೊರರೋಗಿ ವಿಭಾಗದಲ್ಲಿ ಹದಿನಾರು ಪ್ರಶ್ನೆ ಕೇಳುವ ಪುರುಸೊತ್ತು ಎಲ್ಲಿದೆ?

ಕೇಳುವವರು ಯಾರು ಎಂಬುದೂ ಇನ್ನೂ ಇತ್ಯರ್ಥವಾಗಿಲ್ಲ. 2015ರ ಲೆಕ್ಕದಲ್ಲಿ ಅಮೆರಿಕದ ಮನೋವಿಜ್ಞಾನಿಗಳಲ್ಲಿ ಶೇ 86ರಷ್ಟು ಮಂದಿ ಬಿಳಿಯರಾಗಿದ್ದರು. 2020ರ ಜನಗಣತಿಯ ವೇಳೆಗೆ ಆ ದೇಶದ ಹದಿನೆಂಟರೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಪಸಂಖ್ಯಾತ ಜನಾಂಗಗಳಿಗೆ ಸೇರಿದ್ದರು.